ಹೈಡ್ರಾಲಿಕ್ ಭಾವನ ತೋಳಿಗೆ ಕೆಂಪು ಚಿಂದಿ

ನಮ್ಮ ಭಾವನನ್ನು ಬಸ್ ಡಿಪೋದಲ್ಲಿ ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಹೈಡ್ರಾಲಿಕ್ ಅನ್ನುತ್ತಾರೆ. ಚಕ್ರದ ನಟ್ಟು ತುಕ್ಕು ಹಿಡಿದು ಜಪ್ಪಯ್ಯ ಅಂದರೂ ಅಲುಗದಿದ್ದಾಗ ಉಳಿದ ಮೆಕ್ಯಾನಿಕ್ಕುಗಳು ಸ್ಪ್ಯಾನರಿಗೆ ಮಾರುದ್ದದ ಪೈಪು ಸಿಕ್ಕಿಸಿ, ಅದರ ತುದಿಗೆ ಇಬ್ಬಿಬ್ಬರು ಜೋತುಬಿದ್ದು, ದೇವರನ್ನೂ ಆ ಬಸ್ಸು ಮಾಡಿದವನ ವಂಶವನ್ನೂ ಒಂದೇ ಉಸಿರಿನಲ್ಲಿ ನೆನೆಯುತ್ತಾರೆ. ಆಗ ಭಾವ ಬರುತ್ತಾರೆ. ಬಸ್ಸಿನಡಿಯ ದುರಸ್ತಿ ಗುಂಡಿಯಿಂದ ನಿಧಾನವಾಗಿ ಮೇಲೆದ್ದು, ಕೈ ಒರೆಸಿಕೊಂಡು, ಆ ಪೈಪನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, "ಇದೇನ್ರಪ್ಪ, ಬಚ್ಚಲ ನಲ್ಲಿ ರಿಪೇರಿನಾ?" ಅಂತ ವಿಚಾರಿಸಿ, ಬರಿಯ ಸ್ಪ್ಯಾನರು ಹಿಡಿದು ಒಂದು ಸಲ ಹೂಂ ಅನ್ನುತ್ತಾರೆ. ನಟ್ಟು ಕಿರ್ ಅನ್ನುತ್ತದೆ. ಭಾವ ಮತ್ತೆ ಗುಂಡಿಗೆ ಇಳಿಯುತ್ತಾರೆ, ಯುದ್ಧ ಗೆದ್ದ ಅರಸ ಪಲ್ಲಕ್ಕಿ ಏರುವ ಗತ್ತಿನಲ್ಲಿ.

ಆ ತೋಳುಗಳ ಮೇಲೆ ಅವರಿಗಿದ್ದ ಅಭಿಮಾನ ಹೇಳಿ ಮುಗಿಯುವಂಥದಲ್ಲ. ಎಂಥ ಚಳಿಯಲ್ಲೂ ಅಂಗಿಯ ತೋಳು ಮೊಣಕೈಯ ಮೇಲೇ. ಮದುವೆಯ ಫೋಟೊದಲ್ಲೂ ಬಾಡಿಗೆ ಕೋಟಿನ ತೋಳನ್ನು ಹಿಂಡಿ ಮೇಲಕ್ಕೆ ಸರಿಸಿಕೊಂಡೇ ನಿಂತಿದ್ದಾರೆ. ಪಕ್ಕದಲ್ಲಿ ನಮ್ಮಕ್ಕ, ಆ ಕೋಟಿನ ಹೊಲಿಗೆ ಎಲ್ಲಿ ಬಿಚ್ಚೀತೋ ಅಂತ ವಾರೆಗಣ್ಣಲ್ಲಿ ನೋಡುತ್ತಿದ್ದಾಳೆ. ಅವಳ ಕಸುಬೇ ಅದು. ಅದೇ ಡಿಪೋದ ಹೊಲಿಗೆ ಕೋಣೆಯಲ್ಲಿ ಬಸ್ಸಿನ ಸೀಟುಗಳಿಗೆ ಕೆಂಪು ಕವರು ಹೊಲಿಯುತ್ತಾಳೆ. ನಾನು ಅಲ್ಲೇ ಟಿಕೆಟ್ ಕಿಟಕಿಯಲ್ಲಿ ಕೂರುತ್ತೇನೆ. ನಮ್ಮ ಮೂವರ ಅನ್ನಕ್ಕೂ ಜಗಳಕ್ಕೂ ಆ ಡಿಪೋ ಒಂದೇ ಆಧಾರ.

ಇನ್ನು ಅಜ್ಜಿಯ ವಿಷಯ. ಡಿಪೋದ ಹಿಂದಿನ ಗೋಡೆಯ ಪಕ್ಕ ಒಂದು ಮುದಿ ಬಸ್ಸು ನಿಂತಿದೆ. ಅದಕ್ಕೇ ಎಲ್ಲರೂ ಅಜ್ಜಿ ಅನ್ನುವುದು. ರೂಟಿಗೆ ಹೊರಡಬೇಕಾದ ಬಸ್ಸಿನಲ್ಲಿ ಏನಾದರೂ ಕೆಟ್ಟು, ಸ್ಟೋರಿನಲ್ಲಿ ಆ ಸಾಮಾನು ಇಲ್ಲವೆಂದರೆ ಅಜ್ಜಿಯಿಂದ ಬಿಚ್ಚಿ ಹಾಕುತ್ತಾರೆ. ಎಲ್ಲ ಡಿಪೋಗಳಲ್ಲೂ ನಡೆಯುವುದೇ. ನಮ್ಮಲ್ಲಿ ಮಾತ್ರ ಭಾವ ಮಾಡಿದ ಒಂದು ಕಾನೂನಿತ್ತು. ಅಜ್ಜಿಯಿಂದ ಏನೇ ಬಿಚ್ಚಿದರೂ ಆ ಜಾಗಕ್ಕೆ ಒಂದು ಕೆಂಪು ಚಿಂದಿ ಕಟ್ಟಬೇಕು. ಹೊಸ ಸಾಮಾನು ಬಂದಾಗ ಮೊದಲು ಅಜ್ಜಿಯ ಸಾಲ ತೀರಿಸಬೇಕು, ಆಮೇಲೆ ಚಿಂದಿ ಬಿಚ್ಚಬೇಕು. ಚಿಂದಿ ಅಕ್ಕನ ಕೋಣೆಯಿಂದ, ಸೀಟಿನ ಕವರು ಕತ್ತರಿಸಿ ಮಿಕ್ಕದ್ದು. ಈ ಕಾನೂನಿನ ದೆಸೆಯಿಂದ ಅಜ್ಜಿ ಆಗಾಗ ಹೊಗೆ ಕೆಮ್ಮುತ್ತಾ ಡಿಪೋದ ಅಂಗಳದಲ್ಲಿ ಒಂದು ಸುತ್ತು ಹಾಕುವಷ್ಟು ಗಟ್ಟಿಯಾಗಿದ್ದಳು. ಭಾವನೇ ಓಡಿಸುತ್ತಿದ್ದರು. "ಓಡಾಡೋ ಬಸ್ಸಿನ ಮೇಲೆ ಯಾವನೂ ಕೈ ಹಾಕಲ್ಲ ಕಣೋ. ಮೂಲೆಲಿ ತೆಪ್ಪಗೆ ನಿಂತಿದೆ ಅಂದ್ರೆ ಸಾಕು, ಎಲ್ಲರಿಗೂ ಅದರ ಮೇಲೇ ಕಣ್ಣು" ಅನ್ನುತ್ತಿದ್ದರು.

ಇಂಥ ವೀರನನ್ನು ಕೆಡವಿದ್ದು ಯಾರು? ಒಂದು ನಿಜವಾದ ಹೈಡ್ರಾಲಿಕ್ ಜಾಕು. ಬಸ್ಸನ್ನು ಎತ್ತಿ ಹಿಡಿದಿದ್ದ ಆ ಜಾಕು ಏಕಾಏಕಿ ಜಾರಿತು. ಇದನ್ನು ವೃತ್ತಿ ಮಾತ್ಸರ್ಯ ಅಂತಲೇ ನಾನು ಇವತ್ತಿಗೂ ನಂಬಿದ್ದೇನೆ. ಭಾವನ ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ತೊಡೆ ಕೊಯ್ದು, ಮೂಳೆಗೆ ಉಕ್ಕಿನ ಪಟ್ಟಿ ಇಟ್ಟು ಸ್ಕ್ರೂ ಬಿಗಿದರು. ಅರಿವಳಿಕೆ ಇಳಿದ ಮೇಲೆ ಭಾವ ಕಣ್ಣು ಬಿಟ್ಟು, ಮೂಳೆ ಡಾಕ್ಟರನ್ನು ಹತ್ತಿರ ಕರೆದು, ಹೆಂಡತಿ ಎಲ್ಲಿ ಅಂತ ಕೇಳಲಿಲ್ಲ, ಬದುಕುತ್ತೇನಾ ಅಂತ ಕೇಳಲಿಲ್ಲ. "ವಾಷರ್ ಹಾಕಿದ್ದೀರಾ?" ಅಂತ ಕೇಳಿದರು.

ಇಲ್ಲಿಂದ ಭಾವನ ಮಹಾ ತಂತ್ರ ಶುರು. ಮಂಚದ ಮೇಲೆ ಅಂಗಾತ ಮಲಗಿ ಅವರು ಒಂದು ಸಿದ್ಧಾಂತ ಕಟ್ಟಿದರು. ಗಾಡಿ ನಿಂತಿದೆ, ಇಂಜಿನ್ ಆಫ್ ಆಗಿದೆ. ನಿಂತ ಗಾಡಿಗೆ ಡೀಸೆಲ್ ಬೇಕಿಲ್ಲ, ಅಲುಗಾಡಿಸದಿದ್ದರೆ ಸವೆತವೂ ಇಲ್ಲ. ಹಾಗಾಗಿ ಊಟ ಕಮ್ಮಿ, ಮಿಸುಕಾಟ ಇನ್ನೂ ಕಮ್ಮಿ. ಇಷ್ಟಕ್ಕೂ ಹಸಿವೆಯೇ ಸತ್ತುಹೋಗಿತ್ತು. ಸಿದ್ಧಾಂತಕ್ಕೆ ಅದೂ ಒಂದು ಪುರಾವೆಯಾಯಿತು. ನೋಡಲು ಬಂದವರೆಲ್ಲ, "ಎಷ್ಟು ಸಹನೆ ನೋಡಿ, ಒಂದು ಬೆರಳೂ ಅಲ್ಲಾಡಿಸಲ್ಲ" ಅಂತ ಹೊಗಳಿದರು. ಭಾವ ಆ ಹೊಗಳಿಕೆಗೂ ತಲೆ ಅಲ್ಲಾಡಿಸದೆ ರೆಪ್ಪೆಯಲ್ಲೇ ಉತ್ತರ ಕೊಟ್ಟರು.

ಆದರೆ ತಟ್ಟೆ ಮಾತ್ರ ದಿನಾ ಖಾಲಿಯಾಗುತ್ತಿತ್ತು. ಮೊಟ್ಟೆ, ಹಾಲು, ಬೇಳೆ, ಮೀನು, ಯಾವುದೂ ಉಳಿಯುತ್ತಿರಲಿಲ್ಲ. ಪಕ್ಕದ ಮಂಚದಲ್ಲಿ ಒಬ್ಬ ಅಂಚೆಯಣ್ಣ ಇದ್ದ. ನಾಯಿಯಿಂದ ತಪ್ಪಿಸಿಕೊಳ್ಳಲು ಸೈಕಲ್ಲು ಜೋರಾಗಿ ತುಳಿದು, ನಾಯಿಯನ್ನು ಗೆದ್ದು, ಚರಂಡಿಗೆ ಸೋತು, ಕಣಕಾಲು ಮುರಿದುಕೊಂಡು ಬಂದವನು. ಅವನ ಕಾಲಿಗೂ ಆಪರೇಷನ್ ಆಗಿತ್ತು. ಅವನ ಗಾಯ ಮಾತ್ರ ಅದೇನು ಚೆನ್ನಾಗಿ ಕೂಡಿಕೊಂಡಿತು ಅಂತೀರಿ! ದಿನದಿಂದ ದಿನಕ್ಕೆ ಅವನ ಕೆನ್ನೆಗೆ ಹೊಳಪು ಬರುತ್ತಿತ್ತು. ಇತ್ತ ಭಾವನ ಕೈಗಡಿಯಾರ ಮುಂಗೈಯಲ್ಲಿ ಬಳೆಯ ಹಾಗೆ ಸುತ್ತತೊಡಗಿತ್ತು.

ಮೊದಲು ಗಮನಿಸಿದವಳು ಅಕ್ಕ. ಬಟ್ಟೆ ಬದಲಿಸುವಾಗ ಅವರ ತೋಳು ಹಿಡಿದವಳು ಹಿಡಿದೇ ನಿಂತಳು.

"ಏನ್ರೀ ಇದು? ಮುರಿದಿರೋದು ಕಾಲು. ಸಣ್ಣ ಆಗ್ತಿರೋದು ತೋಳು!"

"ಬೆಳಕು ಸರಿ ಇಲ್ಲ ಕಣೆ ಇಲ್ಲಿ."

"ಬೆಳಕಲ್ಲಿ ನೋಡೋದಕ್ಕೆ ಇದೇನು ಸೀರೆನಾ? ಕೈಲಿ ಹಿಡಿದು ಹೇಳ್ತಿದ್ದೀನಿ. ನನ್ನ ಮುಷ್ಟಿಲಿ ಜಾಗ ಮಿಕ್ಕುತ್ತೆ."

ಅಷ್ಟರಲ್ಲಿ ಇನ್ನೊಂದು ಕೆಟ್ಟ ಸುದ್ದಿ. ತೊಡೆಯ ಹೊಲಿಗೆಯ ಕೆಳತುದಿ ಕೂಡಿಕೊಂಡಿರಲಿಲ್ಲ. ಅಲ್ಲಿಂದ ನೀರು ಜಿನುಗುತ್ತಲೇ ಇತ್ತು. ಮೂಳೆ ಡಾಕ್ಟರು ಅದನ್ನು ನೋಡಿ ತುಟಿ ಬಿಗಿಹಿಡಿದರು. ಔಷಧಿ ನಡೆಯುತ್ತಿದೆ, ಆದರೂ ಗಾಯ ಮುಚ್ಚದಿದ್ದರೆ ಮತ್ತೆ ಕೊಯ್ದು ತೊಳೆಯಬೇಕಾದೀತು, ಪಟ್ಟಿಯನ್ನೇ ತೆಗೆಯಬೇಕಾದೀತು ಅಂದರು. ಹಾಗೇನಾದರೂ ಆದರೆ ದುರಸ್ತಿ ಗುಂಡಿಗೆ ಇಳಿಯುವ ಮಾತು ಮರೆತುಬಿಡಿ ಅಂದರು.

ಮರುದಿನ ಡಿಪೋದ ಫೋರ್ಮನ್ ಬಂದರು. ಒಳ್ಳೆಯ ಮನುಷ್ಯ; ಒಳ್ಳೆಯದನ್ನೇ ಹೇಳಿ ಎದುರಿಗಿರುವವರ ಜೀವ ತೆಗೆಯುವ ಕಲೆ ಅವರಿಗೆ ಕರಗತ. "ಹೈಡ್ರಾಲಿಕ್ಕು, ನೀನೇನೂ ಚಿಂತೆ ಮಾಡಬೇಡ" ಅಂತ ಶುರು ಮಾಡಿದರು. "ಗುಂಡಿಗೆ ಇಳಿಯೋಕಾಗದೆ ಇದ್ರೆ ಏನಾಯ್ತು? ಕಳೆದುಹೋದ ವಸ್ತುಗಳ ಕೌಂಟರ್ ಖಾಲಿ ಇದೆ. ಕೂತು ಮಾಡೋ ಕೆಲಸ. ಜನ ಬಿಟ್ಟುಹೋದ ಛತ್ರಿ, ಚೀಲ ಕಾಯ್ಕೊಂಡು ಇದ್ರಾಯ್ತು. ಪಕ್ಕದಲ್ಲೇ ನಿನ್ನ ಭಾವಮೈದನ ಟಿಕೆಟ್ ಕಿಟಕಿ. ಬೆಳಗಿಂದ ಸಂಜೆವರೆಗೂ ಜೊತೆ!"

ಭಾವ ನನ್ನ ಕಡೆ ತಿರುಗಿದರು. ಜಾಕು ಜಾರಿ ತೊಡೆ ಮುರಿದಾಗ ಕೂಡ ಅವರ ಮುಖ ಹಾಗಾಗಿರಲಿಲ್ಲವಂತೆ, ನೋಡಿದವರು ಹೇಳಿದ್ದು.

"ಛತ್ರಿಗಳಿಗೆ ಕೆಂಪು ಚಿಂದಿ ಕಟ್ಟಬಹುದು ಭಾವ" ಅಂದೆ.

"ಬಾಯ್ಮುಚ್ಚೋ" ಅಂದರು. ಆ ಮೂರಕ್ಷರದಷ್ಟು ಮಾತು ಹೇಳುವಷ್ಟರಲ್ಲೇ ಅವರಿಗೆ ಉಸಿರು ಸಣ್ಣದಾಗಿತ್ತು. ಅದನ್ನು ಅಕ್ಕ ನೋಡಿದಳು.

ಫೋರ್ಮನ್ ಎದ್ದು ಹೋಗುವ ಮೊದಲು ಇನ್ನೊಂದು ಒಳ್ಳೆಯ ಮಾತು ಆಡಿದರು. "ಮತ್ತೆ ನಿನ್ನ ಅಜ್ಜಿ ಕಥೆ ಮುಗೀತಪ್ಪ. ನೀನಿಲ್ಲ, ಚಿಂದಿ ಕಟ್ಟೋರೂ ಇಲ್ಲ. ಬ್ಯಾಟರಿ ಹೋಯ್ತು, ರೇಡಿಯೇಟರ್ ಹೋಯ್ತು, ನಿನ್ನೆ ಸ್ಟೇರಿಂಗೂ ಬಿಚ್ಕೊಂಡು ಹೋದ್ರು. ಸ್ಟೋರಿಂದ ಏನೂ ಬರ್ತಿಲ್ಲ ನೋಡು."

"ಚಿಂದಿ ಕಟ್ಟದೇ ಬಿಚ್ಚಿದ್ರಾ?" ಭಾವ ಅಷ್ಟು ದಿನದಲ್ಲಿ ಮೊದಲ ಸಲ ದಿಂಬಿನಿಂದ ತಲೆ ಎತ್ತಿದರು. "ಹೊಟ್ಟೆಗೆ ಏನು ತಿಂತಾರೆ ಅವರು? ಸ್ಟೋರಿಂದ ಬರಲಿಲ್ಲ ಅಂತ ಅಜ್ಜಿ ಒಬ್ಬಳನ್ನೇ ಕಿತ್ತು ತಿನ್ನೋದಾ? ಬರಿ ತಗಡು ಉಳಿಯುತ್ತೆ, ತಗಡು!"

ಅಕ್ಕ ಕೈಚೀಲದ ಮೇಲೆ ಕೈಯಿಟ್ಟುಕೊಂಡು ಏನನ್ನೋ ಹೊಲಿಯುತ್ತಿರುವವಳಂತೆ ಕೂತಿದ್ದಳು.

ಅವತ್ತೇ ಮಧ್ಯಾಹ್ನ ಊಟದ ಮೇಡಂ ಬಂದರು. ಯಾರು ಏನು ತಿನ್ನಬೇಕೆಂದು ಗೊತ್ತುಮಾಡುವ ತಜ್ಞೆ. ವಾರ್ಡಿನಲ್ಲಿ ಅವರನ್ನು ಎಲ್ಲರೂ ಕರೆಯುವುದೇ ಹಾಗೆ. ಗಟ್ಟಿ ದನಿ, ದಪ್ಪ ಕನ್ನಡಕ. ಭಾವನ ಖಾಲಿ ತಟ್ಟೆಯನ್ನೂ ತೋಳನ್ನೂ ಒಂದಾದ ಮೇಲೊಂದು ನೋಡಿದರು.

"ನನ್ನ ಲೆಕ್ಕದ ಪ್ರಕಾರ ಇವರಿಗೆ ಕೊಡ್ತಿರೋದು ಸಾಕಾಗಬೇಕು. ಮೂತ್ರದ ರಿಪೋರ್ಟು ನೋಡಿದ್ರೆ ಪ್ರೋಟೀನಿನ ಲೆಕ್ಕದಲ್ಲಿ ಒಳಗೆ ಹೋಗೋದಕ್ಕಿಂತ ಹೊರಗೆ ಹೋಗೋದು ಎಷ್ಟೋ ಜಾಸ್ತಿ. ತಟ್ಟೆ ಖಾಲಿ, ಮನುಷ್ಯಾನೂ ಖಾಲಿ. ಹೇಗೆ?"

ಭಾವ ತಮ್ಮ ಸಿದ್ಧಾಂತವನ್ನು ಗಂಭೀರವಾಗಿ ಮಂಡಿಸಿದರು. ಇಂಜಿನ್ ಆಫ್, ಡೀಸೆಲ್ ಬೇಡ, ಸವೆತವಿಲ್ಲ. ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು.

"ನೀವು ಆರೋಗ್ಯವಾಗಿದ್ದು ಊಟ ಬಿಟ್ಟಿದ್ರೆ ನಿಮ್ಮ ಮಾತಿನಲ್ಲೂ ಸ್ವಲ್ಪ ಹುರುಳಿತ್ತು. ಆಗ ದೇಹ ಕೆಲವೇ ದಿನದಲ್ಲಿ ಹುಷಾರಾಗುತ್ತೆ. ಖರ್ಚು ಇಳಿಸುತ್ತೆ, ಕೊಬ್ಬು ಉರಿಸ್ಕೊಂಡು ಮಾಂಸಖಂಡ ಉಳಿಸುತ್ತೆ. ಆದ್ರೆ ಪೆಟ್ಟು ಬಿದ್ದ ಮೇಲೆ, ಆಪರೇಷನ್ ಆದ ಮೇಲೆ ಆ ಉಳಿತಾಯದ ಸ್ವಿಚ್ಚೇ ಕೆಲಸ ಮಾಡಲ್ಲ. ಒಳಗೆ ಅಪಾಯದ ಗಂಟೆ ಹೊಡೀತಿರುತ್ತೆ. ಗಾಯ ಹೊಲಿಯೋಕೆ ಪ್ರೋಟೀನು ಬೇಕು, ಸೋಂಕಿನ ಜೊತೆ ಹೊಡೆದಾಡೋಕೆ ಬೇಕು, ಲಿವರು ಬೇರೆ ಏನೇನೋ ತುರ್ತು ಪ್ರೋಟೀನು ತಯಾರಿಸೋಕೆ ಕೂತಿರುತ್ತೆ. ಕೊಬ್ಬಿಗಾದ್ರೆ ದೇಹದಲ್ಲಿ ಗೋದಾಮಿದೆ. ಪ್ರೋಟೀನಿಗೆ ಗೋದಾಮಿಲ್ಲ. ಇರೋದೆಲ್ಲ ಎಲ್ಲೋ ಒಂದು ಕಡೆ ಕೆಲಸದಲ್ಲೇ ಇರುತ್ತೆ. ಅದರಲ್ಲಿ ದೊಡ್ಡ ಪಾಲು ಮಾಂಸಖಂಡದಲ್ಲಿ. ನೀವು ಬಾಯಲ್ಲಿ ಕೊಡಲಿಲ್ಲ ಅಂದ್ರೆ ಅದು ಮಾಂಸಖಂಡವನ್ನ ಇನ್ನೂ ಜೋರಾಗಿ ಬಿಚ್ಚಿ, ಚೂರು ಚೂರು ಮಾಡಿ ರಕ್ತಕ್ಕೆ ಬಿಡುತ್ತೆ. ಒಂದಷ್ಟು ಗಾಯಕ್ಕೆ ಹೋಗುತ್ತೆ. ಒಂದಷ್ಟು ಸಕ್ಕರೆಯಾಗಿ ಉರಿದುಹೋಗುತ್ತೆ, ಅದರ ಕಸ ಮೂತ್ರದಲ್ಲಿ ಹೋಗುತ್ತೆ."

"ಅಂದ್ರೆ ನನ್ನ ತೋಳು..."

"ಹೌದು ಸರ್."

ಭಾವ ಮಂಚದ ಕೆಳಗಿದ್ದ ಮೂತ್ರದ ಬಾಟಲಿಯತ್ತ ಕಣ್ಣು ಹಾಯಿಸಿದರು. ಊರೆಲ್ಲ ಹೆದರುತ್ತಿದ್ದ ತೋಳುಗಳು ಹಾಗೆ ಪ್ಲಾಸ್ಟಿಕ್ಕಿನಲ್ಲಿ ತಣ್ಣಗೆ ಕೂತಿರುವುದನ್ನು ನೋಡಿದ ಆ ನೋಟ ಇದೆಯಲ್ಲ, ರಾಜ್ಯ ಕಳೆದುಕೊಂಡ ಅರಸರಿಗೂ ಅಷ್ಟು ಸಂಕಟ ಆಗಿರಲಿಕ್ಕಿಲ್ಲ.

ಆದರೂ ಸೋಲೊಪ್ಪುವ ಜಾತಿಯಲ್ಲ. "ನೀವೇನೇ ಹೇಳಿ ಮೇಡಂ, ನಿಂತ ಬಸ್ಸು ಅಂದ್ಮೇಲೆ..."

"ನಿಂತ ಬಸ್ಸು ಅಂದ್ಮೇಲೆ ಏನ್ರೀ?" ಅಕ್ಕ ಎದ್ದು ನಿಂತಳು. "ಸ್ಟೋರಿಂದ ಸಾಮಾನು ಬರಲಿಲ್ಲ ಅಂದ್ರೆ ಡಿಪೋದಲ್ಲಿ ಏನು ಮಾಡ್ತೀರಿ?"

"ಅಜ್ಜಿಯಿಂದ ಬಿಚ್ತೀವಿ."

"ಯಾಕೆ, ಅಜ್ಜಿ ಕೆಟ್ಟಿದ್ದಾಳೆ ಅಂತಲಾ?"

"ಕೆಟ್ಟಿದ್ದಕ್ಕಲ್ಲ. ನಿಂತಿದ್ದಾಳೆ ಅಂತ..."

"ಹಾಂ! ಕಾಲು ರೂಟಿನ ಬಸ್ಸು, ಕೆಟ್ಟು ಕೂತಿದೆ. ತೋಳು ಅಜ್ಜಿ, ತೆಪ್ಪಗೆ ನಿಂತಿದೆ. ಸ್ಟೋರಿನ ಬಾಗಿಲು ಯಾವುದು ಗೊತ್ತಾ? ನಿಮ್ಮ ಬಾಯಿ! ಅದಕ್ಕೆ ನೀವೇ ಬೀಗ ಹಾಕಿ ಮಲಗಿದ್ದೀರಿ. ಬಂದ ಸಾಮಾನೆಲ್ಲ ಪಕ್ಕದ ಡಿಪೋಗೆ ಸಾಗಿಸಿಬಿಟ್ಟಿದ್ದೀರಿ."

ಅವಳು ಬೆರಳು ಚಾಚಿದ ಕಡೆ ಎಲ್ಲರೂ ತಿರುಗಿದೆವು. ಅಂಚೆಯಣ್ಣ ಮೀಸೆಯನ್ನು ಅಂಗೈಯಿಂದ ಮುಚ್ಚಿಕೊಂಡ. ತಡವಾಗಿತ್ತು. ಮೀಸೆಯ ಎಡತುದಿಯಲ್ಲಿ ಮೊಟ್ಟೆಯ ಹಳದಿ ಹೊಳೆಯುತ್ತಿತ್ತು.

"ನಾನಾಗಿ ಕೇಳಲಿಲ್ಲಮ್ಮ" ಅಂದ ಅವನು. "ವಿಳಾಸ ನಂದಲ್ಲ ಅಂತ ಗೊತ್ತಿತ್ತು. ಆದ್ರೆ ಅವರೇ ಕೈಗೆ ಕೊಟ್ರೆ ವಾಪಸ್ ಹೇಗೆ ಕಳಿಸೋದು?"

ವಾರ್ಡಿಗೆ ವಾರ್ಡೇ ನಕ್ಕಿತು. ಊಟದ ಮೇಡಂ ಕೂಡ ಕಿಟಕಿಯ ಕಡೆ ತಿರುಗಿ ಕೆಮ್ಮಿದರು. ನಗದೇ ಇದ್ದವಳು ಅಕ್ಕ ಒಬ್ಬಳೇ. ಕೈಚೀಲದಿಂದ ಒಂದು ಕೆಂಪು ಚಿಂದಿ ತೆಗೆದಳು. ಅವಳ ಚೀಲದಲ್ಲಿ ಬೀಗದಕೈ ಇಲ್ಲದಿದ್ದರೂ ಚಿಂದಿ ಇರುತ್ತದೆ. ಭಾವನ ತೋಳನ್ನು ಎತ್ತಿ, ಭುಜದ ಕೆಳಗೆ ಸುತ್ತಿ, ಸರಿಯಾಗಿ ಕೂರುವಂತೆ ಗಂಟು ಹಾಕಿದಳು.

"ನಿಮ್ಮದೇ ಕಾನೂನು. ಬಿಚ್ಚಿದ್ದು ವಾಪಸ್ ಬರೋವರೆಗೂ ಇದು ಇಳಿಯಲ್ಲ. ನೀವಾಗಿ ಬಿಚ್ಚಿದ್ರೋ, ಛತ್ರಿ ಕೌಂಟರಿನ ಕುರ್ಚಿಗೆ ನಾನೇ ಕವರು ಹೊಲಿದು ಕೊಡ್ತೀನಿ."

ಆ ದಿನದಿಂದ ಭಾವ ತಿನ್ನತೊಡಗಿದರು. ಹಸಿವೆಯಿಂದಲ್ಲ, ಹಠದಿಂದ. ಮೊಟ್ಟೆಯನ್ನು ಶತ್ರುವಿನ ಕೋಟೆಯೇನೋ ಎಂಬಂತೆ ಮುತ್ತಿಗೆ ಹಾಕಿ ತಿಂದರು. ಹಾಲಿನ ಲೋಟವನ್ನು ಕಣ್ಣುಮುಚ್ಚಿ ಒಂದೇ ಗುಟುಕಿಗೆ ಇಳಿಸಿದರು. ಒಂದೇ ಸಲಕ್ಕೆ ಹೆಚ್ಚು ಸೇರದೆಂದು ಮೇಡಂ ಅದನ್ನೇ ಸ್ವಲ್ಪ ಸ್ವಲ್ಪವಾಗಿ ಹಂಚಿ ಕೊಡಿಸಿದರು. ಇಮ್ಮಡಿ ಊಟ ತಪ್ಪಿದ ಅಂಚೆಯಣ್ಣ ಪಕ್ಕದಲ್ಲಿ ಕೂತು, "ಇನ್ನೊಂದು ತುತ್ತು ಅಣ್ಣಾ, ಆ ಬೇಳೆ ತುಂಬಾ ಚೆನ್ನಾಗಿರುತ್ತೆ, ಅನುಭವದಿಂದ ಹೇಳ್ತೀನಿ" ಅಂತ ಹುರಿದುಂಬಿಸುತ್ತಿದ್ದ.

ಇಷ್ಟೆಲ್ಲ ಮಾಡಿದರೂ ಚಿಂದಿ ಜಾರಿತು. ಭುಜದ ಕೆಳಗಿದ್ದದ್ದು ತೋಳಿನ ನಡುವಿಗೆ ಬಂತು, ಅಲ್ಲಿಂದ ಮೊಣಕೈಗೆ ಇಳಿಯಿತು. ಭಾವ ಅದನ್ನು ದಿಟ್ಟಿಸಿ ನೋಡುತ್ತಾ ಮಲಗಿದ್ದರು. ಆ ಸಂಜೆ ನಾನು ಏನೋ ತಮಾಷೆ ಮಾಡಿದೆ. ಬಾಯ್ಮುಚ್ಚು ಅನ್ನಲೂ ಇಲ್ಲ. ನನಗೆ ಭಯವಾದದ್ದು ಆಗಲೇ.

"ತಿಂದರೂ ಹೋಗ್ತಾನೇ ಇದೆಯಲ್ಲ ಮೇಡಂ" ಅಂದರು, ಮಾರನೇ ದಿನ.

"ಹೋಗುತ್ತೆ" ಅಂದರು ಮೇಡಂ, ಏನೂ ಮುಚ್ಚಿಡದೆ. "ಆ ಗಂಟೆ ಜೋರಾಗಿ ಹೊಡೀತಿರೋವಾಗ ಬರಿ ಊಟದಿಂದ ಪೂರ್ತಿ ನಿಲ್ಲಿಸೋಕಾಗಲ್ಲ. ನೀವು ತಿನ್ನದಿದ್ರೆ ಇದರ ಮೇಲೆ ಇನ್ನೂ ಹೋಗಿರೋದು. ಗಂಟೆ ತಣ್ಣಗಾದ ಮೇಲೆ ಕಟ್ಟೋ ಕೆಲಸ ಶುರುವಾಗುತ್ತೆ. ಬಿಚ್ಚೋದು ಬೇಗ, ಕಟ್ಟೋದು ತಡ. ಇನ್ನೊಂದು ವಿಷಯ. ಕೆಲಸವಿಲ್ಲದೆ ಬಿದ್ದಿರೋ ಮಾಂಸಖಂಡಕ್ಕೆ ನೀವು ಎಷ್ಟೇ ಮೊಟ್ಟೆ ಕೊಡಿ, ಅದು ಸರಿಯಾಗಿ ಕಟ್ಟಿಕೊಳ್ಳಲ್ಲ. ದೇಹ ಅದನ್ನ ಬೇಡದ ಸಾಮಾನು ಅಂತ ಲೆಕ್ಕ ಹಾಕುತ್ತೆ."

ಭಾವ ಮೊಣಕೈಗೆ ಇಳಿದಿದ್ದ ಚಿಂದಿಯನ್ನು ಬೆರಳಲ್ಲಿ ಮೇಲಕ್ಕೆ ಸರಿಸಿದರು. ಆಮೇಲೆ ಅವರ ಮುಖದಲ್ಲಿ ಒಂದು ಬೆಳಕು ಬಂತು. ತುಕ್ಕು ಹಿಡಿದ ನಟ್ಟಿನ ಎದುರು ನಿಂತಾಗ ಬರುತ್ತಿದ್ದದ್ದೇ.

"ಓಡಾಡೋ ಬಸ್ಸಿನ ಮೇಲೆ ಯಾವನೂ ಕೈ ಹಾಕಲ್ಲ" ಅಂದರು. "ಲೇ ಭಾವಮೈದ, ಡಾಕ್ಟರನ್ನ ಕರಿಯೋ. ಅಜ್ಜಿಗೆ ಒಂದು ಸುತ್ತು ಹಾಕಿಸಬೇಕು!"

ಮೂಳೆ ಡಾಕ್ಟರು ಖುಷಿಯಿಂದಲೇ ಒಪ್ಪಿದರು. ಎದ್ದು ಕೂರಿ ಅಂತ ತಾವು ಬೇಕಾದಷ್ಟು ಸಲ ಹೇಳಿದ್ದರೂ ಈ ರೋಗಿ ಕೇಳಿರಲಿಲ್ಲವಂತೆ. ಮಂಚದ ಮೇಲೆ ಒಂದು ಕಬ್ಬಿಣದ ಸಲಾಕೆ ಅಡ್ಡ ಬಂತು. ಭಾವ ಅದನ್ನು ಹಿಡಿದು ಮೈ ಎತ್ತುವುದು, ಎತ್ತಲಾರದೆ ಬೀಳುವುದು, ಬಿದ್ದು, ಸಲಾಕೆಯ ಗುಣಮಟ್ಟದ ಬಗ್ಗೆ ಕೆಟ್ಟದಾಗಿ ಮಾತಾಡಿ, ಮತ್ತೆ ಹಿಡಿಯುವುದು. ಎರಡೂ ಕೈಯಲ್ಲಿ ನೀರಿನ ಬಾಟಲಿ ಹಿಡಿದು ಮೇಲೆ ಕೆಳಗೆ ಮಾಡುವಾಗ ಅಂಚೆಯಣ್ಣ ತನ್ನ ಬಾಟಲಿಯನ್ನೂ ದಾನ ಮಾಡಿದ. ಕಾಲಿಗೂ ದಾದಿ ಹೇಳಿಕೊಟ್ಟ ವ್ಯಾಯಾಮ ಶುರುವಾಯಿತು. ವಾರ್ಡಿನವರಿಗೆಲ್ಲ ಪುಕ್ಕಟೆ ಸರ್ಕಸ್ಸು.

ಒಂದು ದಿನ ಚಿಂದಿ ಜಾರುವುದು ನಿಂತಿತು. ಮೊಣಕೈಯ ಮೇಲೆ, ಗೋಡೆಗೆ ಒರಗಿ ಯೋಚಿಸುವವನಂತೆ ತಡೆದು ನಿಂತಿತು. ಅದೇ ವಾರ ತೊಡೆಯ ಹೊಲಿಗೆಯ ಕೆಳತುದಿ ಒಣಗಿತು. ಮೂಳೆ ಡಾಕ್ಟರು ಅದನ್ನು ಬೆರಳಿನಿಂದ ಒತ್ತಿ, ಮತ್ತೆ ಒತ್ತಿ, ಕೊನೆಗೆ ಬಿಗಿಹಿಡಿದ ತುಟಿ ಸಡಿಲಿಸಿದರು. ಕೊಯ್ಯುವ ಮಾತು ರದ್ದಾಯಿತು. ಅಕ್ಕ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದು, "ಈ ಆಸ್ಪತ್ರೆ ಸೋಪು ಕಣ್ಣು ಉರಿಸುತ್ತೆ" ಅಂದಳು.

ಆಮೇಲಿನದು ನಿಧಾನದ ಕಥೆ. ಮನೆ, ಊರುಗೋಲು, ಅಂಗಳ, ಬೀದಿಯ ತಿರುವು, ಕೊನೆಗೆ ಒಂದು ದಿನ ಡಿಪೋದ ಗೇಟು. ಫೋರ್ಮನ್ ಷರತ್ತು ಹಾಕಿದ್ದರು: ತಾನಾಗಿ ಗುಂಡಿಗೆ ಇಳಿದು ಹತ್ತಬೇಕು, ಒಂದು ಜಾಮಾದ ನಟ್ಟು ಬಿಚ್ಚಬೇಕು. ಆಗದಿದ್ದರೆ ಛತ್ರಿ ಕೌಂಟರು. ನಾನು ಬೆಳಗ್ಗೆಯೇ ಕೌಂಟರಿನ ಧೂಳು ಹೊಡೆದು, ಕುರ್ಚಿಯ ಮೇಲೆ ಒಂದು ಹೆಂಗಸರ ಛತ್ರಿ ಬಿಚ್ಚಿಟ್ಟು, ಭಾವನಿಗೆ ಕಾಣುವಂತೆ ಬಾಗಿಲು ತೆರೆದಿಟ್ಟಿದ್ದೆ. ಮನುಷ್ಯನಿಗೆ ಸ್ಫೂರ್ತಿ ಬೇಕಲ್ಲ!

ಗುಂಡಿಗೆ ಇಳಿದರು. ಹತ್ತಿದರು, ಮುಖ ಕೆಂಪಾಗಿತ್ತು, ಆದರೆ ಹತ್ತಿದರು. ನಟ್ಟಿನ ಎದುರು ನಿಂತು, ಅಂಗಿಯ ತೋಳು ಮಡಚಿ, ಚಿಂದಿ ಎಲ್ಲರಿಗೂ ಕಾಣುವಂತೆ, ಬರಿಯ ಸ್ಪ್ಯಾನರಿಗೆ ಕೈ ಹಾಕಿ ಹೂಂ ಅಂದರು. ನಟ್ಟು ಏನೂ ಅನ್ನಲಿಲ್ಲ. ಮತ್ತೊಮ್ಮೆ ಹೂಂ. ನಟ್ಟು ಮೌನ. ಡಿಪೋದಲ್ಲಿ ಇಂಜಿನ್‌ಗಳು ಕೂಡ ಉಸಿರು ಬಿಗಿಹಿಡಿದ ಹಾಗಿತ್ತು. ನನ್ನ ಬಾಯಿಗೆ ಬಂದಿದ್ದ ತಮಾಷೆಯನ್ನು ನಾನೇ ನುಂಗಿಕೊಂಡೆ.

ಭಾವ ಕೈ ಒರೆಸಿಕೊಂಡರು. ಸುತ್ತ ನೋಡಿದರು. ಆಮೇಲೆ ಬದುಕಿನಲ್ಲಿ ಮೊದಲ ಬಾರಿಗೆ ಅಂದರು:

"ಪೈಪು ಕೊಡ್ರೋ."

ಪೈಪು ಬಂತು. ಭಾವ ಅದರ ತುದಿಯಲ್ಲಿ ಒಬ್ಬರೇ ಜೋತುಬಿದ್ದರು. ದೇವರನ್ನೂ ಬಸ್ಸು ಮಾಡಿದವನ ವಂಶವನ್ನೂ ಒಂದೇ ಉಸಿರಿನಲ್ಲಿ ನೆನೆದರು. ನಟ್ಟು ಕಿರ್ ಅಂದಿತು.

"ಬಚ್ಚಲ ನಲ್ಲಿ ರಿಪೇರಿನಾ?" ಅಂತ ಹಿಂದಿನಿಂದ ಯಾರೋ ಕೂಗಿದರು.

"ಹೂಂ ಕಣೋ, ನಿಮ್ಮನೆ ಬಚ್ಚಲೇ!" ಅಂದರು ಭಾವ, ಏದುಸಿರು ಬಿಡುತ್ತಾ, ಜಗತ್ತನ್ನೇ ಗೆದ್ದ ನಗುವಿನಲ್ಲಿ. ಫೋರ್ಮನ್ ನನ್ನ ಕಡೆ ತಿರುಗಿ ಛತ್ರಿ ಮಡಚಿಡಲು ಸನ್ನೆ ಮಾಡಿದರು.

ಅಕ್ಕ ಮಾತ್ರ ಚಿಂದಿಯ ಕೆಳಗೆ ಬೆರಳು ತೂರಿಸಿ ನೋಡಿ, "ಎರಡು ಬೆರಳು ಹೋಗುತ್ತೆ. ಇರಲಿ" ಅಂದು ಹೊಲಿಗೆ ಕೋಣೆಗೆ ವಾಪಸಾದಳು.

ಕೆಲಸಕ್ಕೆ ಸೇರಿದ ಭಾವ ಮೊದಲು ಹೋದದ್ದು ಅಜ್ಜಿಯ ಬಳಿಗೆ. ಮೈತುಂಬ ಚಿಂದಿ ಕಟ್ಟಿದರು; ಅಜ್ಜಿ ಆರತಿ ತಟ್ಟೆಗಿಂತ ಕೆಂಪಾದಳು. ಆಮೇಲೆ ಸ್ಟೋರಿನವರ ಬೆನ್ನು ಬಿದ್ದು, ಕಾಡಿ, ಗದರಿ, ಒಂದೊಂದಾಗಿ ಸಾಮಾನು ತರಿಸಿದರು. ಬ್ಯಾಟರಿ ಬಂತು, ರೇಡಿಯೇಟರ್ ಬಂತು, ಸ್ಟೇರಿಂಗು ಮಾತ್ರ ಇನ್ನೂ ಬಾಕಿ. ಮಧ್ಯಾಹ್ನ ಅಜ್ಜಿಯ ಮೆಟ್ಟಿಲ ಮೇಲೆ ಕೂತು ಡಬ್ಬಿ ಬಿಚ್ಚಿ ಮೊಟ್ಟೆ ತಿನ್ನುವುದು ರೂಢಿಯಾಯಿತು. ರಜೆಯ ದಿನ ಅಂಚೆಯಣ್ಣ ಸೈಕಲ್ಲಿನಲ್ಲಿ ಬಂದು ಹಾಜರಾದರೆ ಅವನಿಗೂ ಒಂದು.

ಮೊನ್ನೆ ಅಕ್ಕನ ಕೋಣೆಯಲ್ಲಿ ನಾನು ಹರಟುತ್ತಾ ಕೂತಿದ್ದೆ. ಭಾವ ದಡದಡನೆ ಒಳಗೆ ಬಂದರು. ಒಂದು ಕೈಯಲ್ಲಿ ಬರಿಯ ಸ್ಪ್ಯಾನರು, ಇನ್ನೊಂದು ಕೈಯಲ್ಲಿ ಆಗಷ್ಟೇ ಬಿಚ್ಚಿದ ನಟ್ಟು.

"ಕತ್ತರಿ ಎಲ್ಲೇ? ಈ ನಿನ್ನ ಚಿಂದಿಯಿಂದ ಕೈ ಮರಗಟ್ಟುತ್ತಾ ಇದೆ."

ಅಕ್ಕ ಮಿಷನ್ನು ನಿಲ್ಲಿಸಿದಳು. ಚಿಂದಿಯ ಕೆಳಗೆ ಬೆರಳು ತೂರಿಸಲು ನೋಡಿದಳು. ಹೋಗಲಿಲ್ಲ. ಕಿರುಬೆರಳು ಪ್ರಯತ್ನಿಸಿದಳು. ಅದೂ ಹೋಗಲಿಲ್ಲ. ದೊಡ್ಡ ಕತ್ತರಿಯ ತುದಿಯನ್ನು ಮೆಲ್ಲಗೆ ನುಸುಳಿಸಿ ಕತ್ತರಿಸಿದಳು. ತೋಳಿನ ಸುತ್ತ ಒಂದು ಕೆಂಪು ಗೆರೆ ಉಳಿಯಿತು. ಅದರ ಮೇಲೆ ಹೆಬ್ಬೆರಳು ಒಮ್ಮೆ ಆಡಿಸಿದಳು.

ಆಮೇಲೆ ಚಿಂದಿಯನ್ನು ಅವರ ಅಂಗೈಗೆ ತುರುಕಿದಳು. "ನಿಂತು ನೋಡ್ತಿದ್ದೀರಲ್ಲ, ಅಜ್ಜಿ ಸ್ಟೇರಿಂಗಿನ ಚಿಂದಿ ಗಾಳಿಗೆ ಹಾರಿಹೋಗಿದೆ. ಹೋಗಿ ಇದನ್ನ ಕಟ್ಟಿ."